ಜಗ್ಲರ್ ಗೆಳತಿಗೊಂದು ತುಂಟ ವೆಬ್‌ಸೈಟ್

ವೇದಿಕೆಯ ಮೇಲೆ ಜನರನ್ನು ಬಿದ್ದು ಬಿದ್ದು ನಗಿಸುವವರ ವೆಬ್‌ಸೈಟ್‌ಗಳು ಯಾಕೆ ಅಷ್ಟೊಂದು ಬಿಗಿದುಕೊಂಡು ಕೂತಿರುತ್ತವೆ? ತುಂಬಾ ದಿನಗಳಿಂದ ಈ ಪ್ರಶ್ನೆ ನನ್ನ ತಲೆ ತಿನ್ನುತ್ತಿದೆ. ಕ್ಲೌನ್ ಆಗಲಿ, ಮ್ಯಾಜಿಕ್ ಮಾಡುವವರಾಗಲಿ, ಬೊಂಬೆ ಆಡಿಸುವವರಾಗಲಿ, ಯಾರದ್ದೇ ತೆರೆದು ನೋಡಿ. ಕಪ್ಪು ಹಿನ್ನೆಲೆ. ಪರದೆ ತುಂಬಾ ಒಂದು ಫೋಟೋ, ಅದರಲ್ಲಿ ಅವರು ನಮ್ಮನ್ನು ಬಿಟ್ಟು ಬೇರೆಲ್ಲೋ ನೋಡುತ್ತಿರುತ್ತಾರೆ. ಕೆಳಗೆ ಯಾರೋ ಹೊಗಳಿದ ಎರಡು ಸಾಲು, ಅದರ ಕೆಳಗೆ ‘ಬುಕ್ ಮಾಡಿ’ ಅನ್ನುವ ಬಟನ್. ಹೆಸರೊಂದನ್ನು ಅಳಿಸಿಬಿಟ್ಟರೆ ಅದು ವಕೀಲರ ಸೈಟ್ ಅಂದರೂ ನಂಬಬಹುದು. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಜಾತಿಯೂ ಇದೆ. ತೆರೆದ ಕೂಡಲೇ ಬಣ್ಣದ ಕಾಗದದ ಚೂರುಗಳು ಸುರಿಯುತ್ತವೆ, ಮೌಸ್‌ನ ಬಾಣ ಇರಬೇಕಾದ ಕಡೆ ಕೆಂಪು ಮೂಗು ಓಡಾಡುತ್ತದೆ, ಅಕ್ಷರಗಳು ಕುಣಿಯುತ್ತವೆ. ಮೊದಲ ಸಲ ನಗು ಬರುತ್ತದೆ. ಫೋನ್ ನಂಬರ್ ಹುಡುಕಿಕೊಂಡು ಎರಡನೇ ಸಲ ಹೋದಾಗ ಅದೇ ಚೂರುಗಳು ಮತ್ತೆ ಸುರಿದರೆ ರೇಗುತ್ತದೆ. ನನ್ನ ಲೆಕ್ಕದಲ್ಲಿ ಈ ಎರಡಕ್ಕೂ ಒಂದೇ ಕಾಯಿಲೆ. ಸೈಟ್ ಮಾಡಿದವರು ಆ ಕಲಾವಿದರ ಕೆಲಸವನ್ನು ಹತ್ತಿರದಿಂದ ನೋಡಿಲ್ಲ.

ನನ್ನ ಗೆಳತಿ ಜಗ್ಲರ್. ಚೆಂಡು, ಕ್ಲಬ್ (ಬಾಟಲಿಯಾಕಾರದ ಕೋಲು), ರಿಂಗ್ ಇವನ್ನು ಗಾಳಿಗೆ ಎಸೆದು ಹಿಡಿಯುವುದೇ ಅವಳ ಕಸುಬು. ಒಬ್ಬಳೇ ನಡೆಸುವ ಶೋ. ಎಸೆಯುವುದಕ್ಕಿಂತ ಮಾತಾಡುವುದೇ ಜಾಸ್ತಿ ಅಂತ ಅವಳೇ ಹೇಳಿಕೊಳ್ಳುತ್ತಾಳೆ. ಮೊದಲು ಒಂದು ಸೈಟ್ ಇತ್ತು, ಮೇಲೆ ಹೇಳಿದ ವಕೀಲರ ಜಾತಿಯದು. ಅದನ್ನು ತೆಗೆದು ಬೇರೆ ಮಾಡಿಕೊಡು ಅಂತ ನನಗೆ ಗಂಟುಬಿದ್ದಳು. ಏನು ಬೇಕು ಅಂತ ಕೇಳಿದ್ದಕ್ಕೆ ಬಣ್ಣ, ಫಾಂಟ್ ಯಾವುದರ ಬಗ್ಗೆಯೂ ಮಾತಿಲ್ಲ. ‘ನೋಡಿದವರಿಗೆ ಒಂದು ಸಲ ಕೈ ಚಾಚೋಣ ಅನ್ನಿಸಬೇಕು ಕಣೋ, ಅಷ್ಟೇ’ ಅಂದಳು. ವಿನ್ಯಾಸದ ಕೆಲಸಕ್ಕೆ ಇಷ್ಟು ಚಿಕ್ಕದಾದ, ಇಷ್ಟು ಕಷ್ಟದ ಬೇಡಿಕೆ ನನಗೆ ಯಾರೂ ಕೊಟ್ಟಿರಲಿಲ್ಲ.

ಚಾವಣಿ ಎಷ್ಟು ಎತ್ತರ?

ಶುರು ಮಾಡಿದ್ದು ಅವಳ ಫೋನ್ ಕರೆಗಳಿಂದ. ಶೋ ಏರ್ಪಡಿಸುವವರು ಏನೇನು ಕೇಳುತ್ತಾರೆ ಅಂತ ಅವಳ ಹತ್ತಿರ ವಿಚಾರಿಸಿದೆ. ಎಷ್ಟು ಹೊತ್ತಿನ ಶೋ, ಎಷ್ಟು ಅಗಲದ ಜಾಗ ಬೇಕು, ಮೈಕ್ ನೀವೇ ತರುತ್ತೀರಾ, ಬಯಲಲ್ಲಿ ಗಾಳಿ ಇದ್ದರೆ ನಡೆಯುತ್ತಾ, ಯಾವ ತಾರೀಕು ಖಾಲಿ. ‘ನಿಮ್ಮ ಕಲೆಯ ದರ್ಶನವೇನು’ ಅಂತ ಒಬ್ಬರೂ ಕೇಳುವುದಿಲ್ಲವಂತೆ. ಆದರೆ ಹಳೆಯ ಸೈಟಿನಲ್ಲಿ ಅದಕ್ಕೇ ಒಂದು ಪುಟ ಮೀಸಲು! ಅವರು ಯಾರೂ ಕೇಳದ, ಆದರೆ ಅವಳೇ ಪ್ರತಿ ಸಲ ಕೇಳಬೇಕಾದ ಪ್ರಶ್ನೆ ಒಂದಿದೆ. ಚಾವಣಿ ಎಷ್ಟು ಎತ್ತರ? ಅದಕ್ಕೆ ಉತ್ತರ ಯಾವಾಗಲೂ ‘ಸಾಕಷ್ಟು ಇದೆ’. ಹೋಗಿ ನೋಡಿದರೆ ತಲೆಯ ಮೇಲೆ ಫ್ಯಾನ್ ತಿರುಗುತ್ತಿರುತ್ತದೆ.

ಎತ್ತರ ಯಾಕೆ ಅಷ್ಟು ಮುಖ್ಯ ಅಂತ ಕೇಳಿದಾಗ ಅವಳು ಒಂದು ಕಾಗದ ತೆಗೆದುಕೊಂಡು ಲೆಕ್ಕ ಹಾಕಿ ತೋರಿಸಿದಳು. ಚೆಂಡು ಎಷ್ಟು ಹೊತ್ತು ಗಾಳಿಯಲ್ಲಿ ಇರುತ್ತದೆ ಅನ್ನುವುದಕ್ಕೂ ಅದು ಎಷ್ಟು ಮೇಲೆ ಹೋಗುತ್ತದೆ ಅನ್ನುವುದಕ್ಕೂ ಇರುವ ನಂಟು ನೇರವಾದದ್ದಲ್ಲ. ಎರಡು ಪಟ್ಟು ಹೊತ್ತು ಬೇಕಾದರೆ ನಾಲ್ಕು ಪಟ್ಟು ಎತ್ತರ ಎಸೆಯಬೇಕು. ಅವಳ ಪ್ರತಿ ಕೈಯೂ ಒಂದು ಎಸೆತದಿಂದ ಮುಂದಿನ ಎಸೆತಕ್ಕೆ ಅರ್ಧ ಸೆಕೆಂಡು ತೆಗೆದುಕೊಳ್ಳುತ್ತದೆ, ಅದರಲ್ಲಿ 0.35 ಸೆಕೆಂಡು ಚೆಂಡು ಕೈಯಲ್ಲೇ ಇರುತ್ತದೆ ಅಂತ ಇಟ್ಟುಕೊಳ್ಳಿ. ಆಗ 3 ಚೆಂಡಿಗೆ ಕೈ ಮಟ್ಟದಿಂದ ಸುಮಾರು 20 ಸೆಂಟಿಮೀಟರ್ ಎತ್ತರ ಸಾಕು. 5 ಚೆಂಡಿಗೆ ಹತ್ತಿರ ಹತ್ತಿರ 1 ಮೀಟರ್ ಬೇಕು. 7 ಚೆಂಡಿಗೆ 2.4 ಮೀಟರ್. ಕೈ ನೆಲದಿಂದ 1 ಮೀಟರ್ ಮೇಲಿದೆ ಅಂದರೂ ಚೆಂಡು ಮೂರೂವರೆ ಮೀಟರ್ ಹತ್ತಿರ ಹೋಗಿಬಿಡುತ್ತದೆ. ಅಲ್ಲಿ ಫ್ಯಾನ್ ಇದ್ದರೆ ಶೋ ಮುಗಿದ ಹಾಗೆಯೇ.

ಆ ಕಾಗದ ನೋಡುತ್ತಿದ್ದಾಗಲೇ ಸೈಟಿನ ಮೊದಲ ಆಟ ಹೊಳೆಯಿತು. ‘ಜಾಗದ ವಿವರ’ ಅನ್ನುವ ಪುಟದಲ್ಲಿ ಅವಳ ಒಂದು ಗೀಟು ಚಿತ್ರ, ಮೇಲೆ ಚಾವಣಿಯ ಗೆರೆ. ಆ ಗೆರೆಯನ್ನು ಹಿಡಿದು ಕೆಳಗೆ ಎಳೆದರೆ ಅವಳು 7 ಚೆಂಡಿನಿಂದ 5ಕ್ಕೆ ಇಳಿಯುತ್ತಾಳೆ, ಇನ್ನೂ ಎಳೆದರೆ 3ಕ್ಕೆ. ಮತ್ತೂ ಎಳೆದರೆ ಕೂತುಕೊಂಡುಬಿಡುತ್ತಾಳೆ. ಪೂರ್ತಿ ಕೆಳಕ್ಕೆ ಎಳೆದರೆ ನೆಲದ ಮೇಲೆ ಮಲಗಿ, ಎರಡು ಚೆಂಡನ್ನು ಆ ಕಡೆ ಈ ಕಡೆ ಉರುಳಿಸುತ್ತಾ ನಿಮ್ಮ ಕಡೆ ಒಂದು ನೋಟ ಬಿಡುತ್ತಾಳೆ. ಪಕ್ಕದಲ್ಲಿ ‘ಇಷ್ಟು ಎತ್ತರಕ್ಕೆ ಇಷ್ಟು ಶೋ’ ಅಂತ ಬರಿ ಅಕ್ಷರದಲ್ಲಿ ಬರೆದಿರುತ್ತದೆ. ಮಕ್ಕಳು ಇದನ್ನು ಆಟದ ಸಾಮಾನು ಅಂದುಕೊಳ್ಳುತ್ತಾರೆ. ಏರ್ಪಡಿಸುವವರು ಆಡುತ್ತಾ ಆಡುತ್ತಾ ತಮ್ಮ ಚಾವಣಿಯನ್ನು ಒಂದು ಸಲ ತಲೆ ಎತ್ತಿ ನೋಡುತ್ತಾರೆ. ಹಿಂದೆ ಇರುವುದು ಬ್ರೌಸರ್‌ನವರೇ ಕೊಡುವ ಸಾಮಾನ್ಯ ಸ್ಲೈಡರ್, ಹಾಗಾಗಿ ಮೌಸ್ ಹಿಡಿಯಲಾಗದವರು ಕೀಬೋರ್ಡ್‌ನ ಬಾಣದ ಕೀಲಿಯಲ್ಲೇ ಅವಳನ್ನು ಮಲಗಿಸಬಹುದು.

ಇದಾದ ಮೇಲೆ ನನಗೆ ಒಂದು ವಿಷಯ ಗಟ್ಟಿಯಾಯಿತು. ತುಂಟತನವನ್ನು ಹೊರಗಿನಿಂದ ತಂದು ಅಂಟಿಸಬೇಕಾಗಿಲ್ಲ, ಅದು ಕಸುಬಿನ ಒಳಗೇ ಇರುತ್ತದೆ. ಬಣ್ಣದ ಚೂರು ಯಾರ ಸೈಟಿನಲ್ಲಿ ಬೇಕಾದರೂ ಸುರಿಯಬಹುದು. ಚಾವಣಿ ಎಳೆದರೆ ಮಲಗುವವಳು ಜಗ್ಲರ್ ಒಬ್ಬಳೇ.

ಕೈಯಲ್ಲಿ ಇರುವ ಹೊತ್ತು

ಮೊದಲ ಪುಟದಲ್ಲಿ ಮೂರು ಚೆಂಡು ಸುತ್ತುತ್ತಿರಬೇಕು ಅಂತ ಮೊದಲೇ ಮಾತಾಗಿತ್ತು. ಒಂದು ಸಂಜೆ ಕರಡು ತೋರಿಸಲು ಲ್ಯಾಪ್‌ಟಾಪ್ ತೆರೆದೆ. ಚೆಂಡುಗಳು ಸರಿಯಾದ ಕಮಾನಿನಲ್ಲಿ ಹೋಗುತ್ತಿದ್ದವು, ಮೇಲೆ ನಿಧಾನ, ಕೆಳಗೆ ಜೋರು, ಗುರುತ್ವದ ಲೆಕ್ಕದ ಪ್ರಕಾರವೇ. ಅವಳು ಗಲ್ಲಕ್ಕೆ ಕೈ ಹಚ್ಚಿಕೊಂಡು ಸುಮ್ನೆ ನೋಡುತ್ತಾ ಕೂತಳು. ಹೊಗಳುತ್ತಾಳೆ ಅಂತ ನಾನೂ ಸುಮ್ಮನಿದ್ದೆ. ಆಮೇಲೆ ಬ್ಯಾಗಿನಿಂದ ಮೂರು ಚೆಂಡು ತೆಗೆದು ಎದ್ದು ನಿಂತು ಎಸೆಯಲು ಶುರು ಮಾಡಿ, ‘ಚೆಂಡು ನೋಡಬೇಡ, ನನ್ನ ಕೈ ನೋಡು’ ಅಂದಳು. ಇದು ಅಷ್ಟು ಸುಲಭ ಅಲ್ಲ, ಕಣ್ಣು ತಾನಾಗಿ ಮೇಲಕ್ಕೆ ಓಡುತ್ತದೆ. ಹಟ ಹಿಡಿದು ಕೈ ಮೇಲೆ ಕಣ್ಣಿಟ್ಟೆ. ಆಗ ಕಂಡಿತು. ಚೆಂಡು ಕೈಗೆ ಬಂದು ಬೀಳುತ್ತದೆ, ಕೈ ಅದರ ಜೊತೆಗೇ ಕೆಳಗಿಳಿಯುತ್ತದೆ, ಒಳಮುಖವಾಗಿ ಒಂದು ತೂಗು ತೂಗಿ ಮತ್ತೆ ಬಿಡುತ್ತದೆ. ಗಾಳಿಯಲ್ಲಿ ಎಷ್ಟು ಹೊತ್ತು ಇರುತ್ತದೋ ಹೆಚ್ಚುಕಡಿಮೆ ಅಷ್ಟೇ ಹೊತ್ತು ಕೈಯಲ್ಲೂ ಇರುತ್ತದೆ. ನನ್ನ ಪರದೆಯಲ್ಲಿ ಚೆಂಡು ಕೆಳಗೆ ಮುಟ್ಟಿದ ಕ್ಷಣವೇ ಪುಟಿದು ಮೇಲೆ ಹೋಗುತ್ತಿತ್ತು. ‘ಇವಕ್ಕೆ ತೂಕವೇ ಇಲ್ಲ. ಯಾರೂ ಹಿಡಿದಿಲ್ಲ, ಯಾರೂ ಎಸೆದಿಲ್ಲ’ ಅಂದಳು. ಎಸೆಯುವುದನ್ನು ನಿಲ್ಲಿಸದೆಯೇ ಇದನ್ನೆಲ್ಲ ಹೇಳಿದಳು ಅನ್ನುವುದನ್ನೂ ಸೇರಿಸಬೇಕು.

ಈ ಕೈಯಲ್ಲಿ ಇರುವ ಹೊತ್ತಿಗೆ ಒಂದು ಸೂತ್ರವೇ ಇದೆ. ಮಾಡಿದವರು ಕ್ಲಾಡ್ ಶಾನನ್. 1948ರಲ್ಲಿ ಮಾಹಿತಿ ಸಿದ್ಧಾಂತದ ಪ್ರಬಂಧ ಬರೆದು, ಇವತ್ತು ನಾವು ಕಂಪ್ಯೂಟರಿನ ಮಾಹಿತಿ ಅಳೆಯಲು ಬಿಟ್ ಬಿಟ್ ಅನ್ನುವುದಕ್ಕೆಲ್ಲ ತಳಪಾಯ ಹಾಕಿದ ಅದೇ ಗಣಿತಜ್ಞ. ಅವರು ಜಗ್ಲಿಂಗ್ ಹುಚ್ಚಿನವರು. 1970ರ ದಶಕದಲ್ಲಿ ಉಕ್ಕಿನ ಗುಂಡುಗಳನ್ನು ಡ್ರಮ್ಮಿನ ಮೇಲೆ ಪುಟಿಸಿ ಜಗಲ್ ಮಾಡುವ ಯಂತ್ರವನ್ನೂ ಕಟ್ಟಿದ್ದರು. ಅವರ ಸೂತ್ರ ಹೀಗೆ: ಚೆಂಡು ಹಾರುವ ಹೊತ್ತಿಗೆ ಕೈಯಲ್ಲಿ ಇರುವ ಹೊತ್ತು ಕೂಡಿಸಿ, ಕೈಗಳ ಸಂಖ್ಯೆಯಿಂದ ಗುಣಿಸಿ. ಕೈ ಖಾಲಿ ಇರುವ ಹೊತ್ತಿಗೆ ಚೆಂಡು ಕೈಯಲ್ಲಿ ಇರುವ ಹೊತ್ತು ಕೂಡಿಸಿ, ಚೆಂಡುಗಳ ಸಂಖ್ಯೆಯಿಂದ ಗುಣಿಸಿ. ಎರಡೂ ಸಮ. ಅವಳು ಕಾಗದದ ಮೇಲೆ ಚಾವಣಿಯ ಲೆಕ್ಕ ಹಾಕಿದ್ದೂ ಇದರಿಂದಲೇ. ಈ ಸೂತ್ರದಲ್ಲಿ ನನ್ನ ಪುಟಿಯುವ ಚೆಂಡು ಅಂದರೆ ಕೈಯಲ್ಲಿ ಇರುವ ಹೊತ್ತು ಸೊನ್ನೆ. ಅದನ್ನು 0.35ಕ್ಕೆ ಏರಿಸಿ, ಕೈಯ ಜಾಗದಲ್ಲಿ ಒಂದು ಚಿಕ್ಕ ಬಟ್ಟಲಿನಾಕಾರದ ದಾರಿ ಕೊಟ್ಟೆ. ಕೈಯ ಚಿತ್ರ ಬರೆಯಲೇ ಇಲ್ಲ. ಆದರೂ ನೋಡಿದವರಿಗೆ ಅಲ್ಲಿ ಕೈ ಇದೆ ಅನ್ನಿಸುತ್ತದೆ. ನನ್ನ ಇಡೀ ಕೆಲಸದಲ್ಲಿ ಅತಿ ಕಡಿಮೆ ಕೋಡ್ ಬೇಡಿದ, ಅತಿ ಜಾಸ್ತಿ ಜೀವ ತಂದ ಬದಲಾವಣೆ ಇದು.

ಇನ್ನೊಂದು ಗುಟ್ಟೂ ಅವಳಿಂದ ಸಿಕ್ಕಿತು. ಜಗ್ಲರ್‌ಗಳು ಕೈ ನೋಡಿಕೊಂಡು ಹಿಡಿಯುವುದಿಲ್ಲ. ಚೆಂಡು ಮೇಲೆ ಹೋಗಿ ಕೆಳಕ್ಕೆ ತಿರುಗುವ ತುದಿಯನ್ನು ಮಾತ್ರ ನೋಡುತ್ತಾರೆ, ಉಳಿದದ್ದನ್ನು ಕೈ ತಾನೇ ನೋಡಿಕೊಳ್ಳುತ್ತದೆ. ನೋಡುವವರ ಕಣ್ಣೂ ಅಲ್ಲೇ ನಿಲ್ಲುತ್ತದೆ, ಯಾಕೆಂದರೆ ಹಾರಾಟದ ಅರ್ಧ ಹೊತ್ತನ್ನು ಚೆಂಡು ಕಳೆಯುವುದೇ ಮೇಲಿನ ಕಾಲು ಭಾಗದಲ್ಲಿ. ಹಾಗಾದರೆ ಪುಟದ ಮುಖ್ಯ ಸಾಲು ಎಲ್ಲಿರಬೇಕು? ಆ ತುದಿಯ ಹಿಂದೆಯೇ. ಅವಳ ಹೆಸರು, ಅವಳು ಏನು ಮಾಡುತ್ತಾಳೆ, ಎರಡೂ ಅಲ್ಲಿವೆ. ಮೆನುವಿನ ಪದಗಳನ್ನು ಹಾರುವ ಚೆಂಡುಗಳ ಮೇಲೇ ಬರೆಯೋಣ ಅಂತ ಅವಳಿಗೆ ತುಂಬಾ ಆಸೆ ಇತ್ತು. ನಾನು ಒಪ್ಪಲಿಲ್ಲ. ಓಡುವ ಲಿಂಕ್ ಅನ್ನು ಬೆರಳಿನಿಂದ ಅಟ್ಟಿಸಿಕೊಂಡು ಹೋಗುವುದು ಕೈ ನಡುಗುವವರಿಗೆ ಹಿಂಸೆ, ಉಳಿದವರಿಗೆ ಕಿರಿಕಿರಿ. ಮೆನು ಕೆಳಗೆ ನಾಲ್ಕು ಪದಗಳಾಗಿ ತೆಪ್ಪಗೆ ನಿಂತಿದೆ.

(ಕೋಡ್ ಬರೆಯುವವರಿಗೆ ಒಂದು ಮಾತು. ಚೆಂಡಿನ ಜಾಗವನ್ನು ಗಡಿಯಾರದ ಹೊತ್ತಿನಿಂದ ಲೆಕ್ಕ ಹಾಕಿ, ಫ್ರೇಮ್ ಎಣಿಸಿ ಅಲ್ಲ. ಸೆಕೆಂಡಿಗೆ 60 ಸಲ ಬದಲಾಗುವ ಪರದೆಯಲ್ಲಿ ಸರಿ ಕಂಡದ್ದು 120 ಸಲ ಬದಲಾಗುವ ಫೋನಿನಲ್ಲಿ ಎರಡು ಪಟ್ಟು ವೇಗವಾಗಿ ಓಡುತ್ತದೆ. ಸಾಮಾನ್ಯ ಪುಟದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಜಗ್ಲರ್‌ಗೆ ತಕ್ಷಣ ಗೊತ್ತಾಗುತ್ತದೆ.)

ಮೂರನೇ ಸಾಲಿನವರು

ಇಷ್ಟಾದರೂ ಅವಳ ಮೂಲ ಬೇಡಿಕೆ ಹಾಗೇ ಉಳಿದಿತ್ತು. ಕೈ ಚಾಚೋಣ ಅನ್ನಿಸಬೇಕು. ಇದರ ಬಗ್ಗೆ ಯೋಚಿಸುತ್ತಾ ಅವಳ ಒಂದು ಶೋಗೆ ಹೋಗಿ ಹಿಂದೆ ಕೂತೆ. ಶೋ ನಡುವೆ ಅವಳು ನೋಡುವವರಲ್ಲಿ ಒಬ್ಬರನ್ನು ವೇದಿಕೆಗೆ ಕರೆಯುತ್ತಾಳೆ. ಆ ಭಾಗ ನನಗೆ ಹಿಂದಿನಿಂದಲೂ ಭಯ. ನನ್ನನ್ನೇ ಕರೆದುಬಿಟ್ಟರೆ ಅಂತ ಚಪ್ಪಲಿ ನೋಡಿಕೊಂಡು ಕೂರುವ ಜಾತಿ ನಾನು.

ಅವತ್ತು ಮೊದಲ ಸಾಲಿನಲ್ಲಿ ಒಬ್ಬರು ಕೈ ಕಟ್ಟಿಕೊಂಡು ಕೂತಿದ್ದರು. ಒಳ್ಳೆಯ ಎತ್ತರ, ಗಂಭೀರ ಮುಖ. ಅವರನ್ನು ಕರೆದರೆ ಎಲ್ಲರೂ ನಗುತ್ತಿದ್ದರು, ಅದು ಸುಲಭದ ನಗು. ಅವಳು ಅವರ ಕಡೆ ಹೋಗಲೇ ಇಲ್ಲ. ಒಂದು ಚೆಂಡನ್ನು ಕೈಯಿಂದ ಜಾರಿದ ಹಾಗೆ ಮಾಡಿ ವೇದಿಕೆಯಿಂದ ಕೆಳಕ್ಕೆ ಬಿಟ್ಟಳು. ಅದು ಉರುಳುತ್ತಾ ಹೋಯಿತು. ಮೂರನೇ ಸಾಲಿನಲ್ಲಿ ಒಬ್ಬ ಹೆಂಗಸು ತಟ್ಟನೆ ಬಗ್ಗಿ ಎತ್ತಿಕೊಂಡರು. ಅಷ್ಟೇ ಬೇಕಿತ್ತು. ‘ಇಲ್ಲಿಗೆ ಎಸೀತೀರಾ?’ ಅಂದಳು. ಅವರು ಎಸೆದರು, ಅದು ಎಲ್ಲೋ ಹೋಯಿತು, ಅವಳು ಓಡಿ ಹೋಗಿ ಹೇಗೋ ಹಿಡಿದು, ತಾನು ಏನೂ ಮಾಡಿಲ್ಲ ಅನ್ನುವ ಹಾಗೆ ಅವರ ಕಡೆ ಎರಡೂ ಕೈ ತೋರಿಸಿದಳು. ಜನ ಚಪ್ಪಾಳೆ ಹೊಡೆದದ್ದು ಆ ಹೆಂಗಸಿಗೆ. ಆಮೇಲೆ ಇನ್ನೊಂದು ಚೆಂಡು, ಮತ್ತೊಂದು. ಕೊನೆಗೆ ಅವರು ತಾವಾಗಿಯೇ ಎದ್ದು ವೇದಿಕೆಗೆ ಬಂದರು. ಕರೆದೇ ಇರಲಿಲ್ಲ!

ಶೋ ಮುಗಿದ ಮೇಲೆ ಸಾಮಾನು ಕಟ್ಟುತ್ತಾ ಇದನ್ನೇ ಕೇಳಿದೆ. ಅವಳಿಗೆ ಇದರಲ್ಲಿ ದೊಡ್ಡ ವಿಷಯವೇನೂ ಕಾಣಲಿಲ್ಲ. ಕೈ ಕಟ್ಟಿದವರನ್ನು ಎಳೆಯಬಾರದು, ಬಗ್ಗಿದವರಿಗೆ ಕೊಡಬೇಕು. ಏನು ಮಾಡಬೇಕು ಅಂತ ಒಂದೇ ಮಾತಿನಲ್ಲಿ ಗೊತ್ತಾಗಬೇಕು. ಬಿದ್ದರೆ ತಪ್ಪು ನನ್ನದು, ಹಿಡಿದರೆ ಹೆಸರು ಅವರದು. ಮತ್ತೆ, ಇದನ್ನು ಹೇಳುವಾಗ ಮಾತ್ರ ಅವಳು ಚೀಲ ಕೆಳಗಿಟ್ಟಳು, ‘ಅವರು ವಾಪಸ್ ಹೋಗಿ ಕೂರೋ ದಾರಿ ಅವರಿಗೆ ಯಾವಾಗಲೂ ಕಾಣ್ತಾ ಇರಬೇಕು.’

ನಾವು ಸೈಟ್ ಮಾಡುವಾಗ ಬಂದವರನ್ನು ಪ್ರೇಕ್ಷಕರು ಅಂದುಕೊಳ್ಳುತ್ತೇವೆ. ಅಲ್ಲೇ ಎಡವಟ್ಟಾಗುವುದು ಅಂತ ಈಗ ನನಗನ್ನಿಸುತ್ತದೆ. ಪ್ರೇಕ್ಷಕರು ಕುರ್ಚಿಯಲ್ಲಿ ಇರುತ್ತಾರೆ, ಹೊತ್ತು ಕಲಾವಿದರ ಕೈಯಲ್ಲಿ ಇರುತ್ತದೆ. ಕೊನೆಯ ಎಸೆತಕ್ಕೆ ಮುಂಚೆ ಅವಳು ಸುಮ್ಮನೆ ನಿಂತರೆ ಇಡೀ ಸಭೆ ಉಸಿರು ಹಿಡಿಯುತ್ತದೆ. ಪರದೆಯಲ್ಲಿ ಅಂಥ ಒಂದು ನಿಲುಗಡೆ ಇಟ್ಟು ನೋಡಿ, ಪೇಜ್ ಲೋಡ್ ಆಗುತ್ತಿಲ್ಲ ಅಂತ ಮುಚ್ಚಿಬಿಡುತ್ತಾರೆ. ಇಲ್ಲಿ ಹೊತ್ತು ಇರುವುದು ಬಂದವರ ಹೆಬ್ಬೆರಳಿನಲ್ಲಿ. ಅವರಿಗೆ ಶೋ ತೋರಿಸಲು ಹೋದರೆ ಆಗುವುದಿಲ್ಲ. ಅವರು ಮೂರನೇ ಸಾಲಿನ ಆ ಹೆಂಗಸು. ಚೆಂಡನ್ನು ಅವರ ಹತ್ತಿರ ಉರುಳಿಸಬೇಕು, ಎತ್ತಿಕೊಳ್ಳುವುದು ಬಿಡುವುದು ಅವರಿಗೆ ಸೇರಿದ್ದು.

ಹೀಗೆ ನೋಡಿದರೆ ಎಷ್ಟೋ ಜಗಳಗಳು ತಾವಾಗಿ ಬಗೆಹರಿದವು. ತೆರೆದ ಕೂಡಲೇ ಸಂಗೀತ ಬರಬೇಕಾ? ಬೇಡ, ಅದು ಕೈ ಕಟ್ಟಿದವರನ್ನು ಎಳೆದ ಹಾಗೆ. ಕ್ರೋಮ್ ಬ್ರೌಸರ್ ಅಂತೂ 2018ರಿಂದ ಬಂದವರು ಏನಾದರೂ ಮುಟ್ಟುವ ತನಕ ಸದ್ದನ್ನು ಬಿಡುವುದೇ ಇಲ್ಲ, ಅದು ನಮಗೆ ಒಳ್ಳೆಯದೇ ಆಯಿತು. ಫೋನ್ ಓರೆ ಮಾಡಿದರೆ ಚೆಂಡುಗಳು ಆ ಕಡೆ ಉರುಳಬೇಕು ಅನ್ನುವುದು ನನ್ನದೇ ಆಸೆ. ಆದರೆ ಐಫೋನ್‌ನಲ್ಲಿ 2019ರ ಐಒಎಸ್ 13ರಿಂದ ಅದಕ್ಕೆ ಅನುಮತಿ ಕೇಳುವ ಪೆಟ್ಟಿಗೆ ಬರುತ್ತದೆ. ‘ಈಗ ಒಂದು ಜೋಕ್ ಹೇಳಲಾ, ಒಪ್ಪಿಗೆ ಇದೆಯಾ’ ಅಂತ ಕೇಳಿ ಹೇಳಿದ ಜೋಕ್‌ಗೆ ಯಾರು ನಗುತ್ತಾರೆ? ಅದನ್ನು ಕೈಬಿಟ್ಟೆವು. ಮೌಸ್ ಮೇಲೆ ತಂದರೆ ಮಾತ್ರ ನಡೆಯುವ ಆಟಗಳನ್ನೂ ಬಿಟ್ಟೆವು, ಬೆರಳಿಗೆ ಆ ಭಾಗ್ಯ ಇಲ್ಲವಲ್ಲ.

ಕೊನೆಗೆ ಉಳಿದದ್ದು ಇಷ್ಟು. ಮೊದಲ ಪುಟದಲ್ಲಿ ಮೂರು ಚೆಂಡು ಸುತ್ತುತ್ತಿರುತ್ತವೆ. ಸ್ವಲ್ಪ ಹೊತ್ತಾದ ಮೇಲೆ ಒಂದು ಜಾರಿ ಕೆಳಗೆ ಉರುಳಿ ಪುಟದ ಅಂಚಿನಲ್ಲಿ ನಿಲ್ಲುತ್ತದೆ. ಯಾವ ಸೂಚನೆಯೂ ಇಲ್ಲ, ಮಿನುಗುವ ಬಾಣವೂ ಇಲ್ಲ. ಮುಟ್ಟದಿದ್ದರೆ ಎರಡು ಚೆಂಡಿನಲ್ಲೇ ಆಟ ಮುಂದುವರಿಯುತ್ತದೆ, ನೀವು ಮೆನುವಿಗೆ ಹೋಗಿ ನಿಮ್ಮ ಕೆಲಸ ನೋಡಿಕೊಳ್ಳಬಹುದು. ಬೆರಳಿನಿಂದ ಮೇಲಕ್ಕೆ ತಳ್ಳಿದರೆ ಚೆಂಡು ಹಾರುತ್ತದೆ, ಎಷ್ಟು ಸೊಟ್ಟಗೆ ತಳ್ಳಿದರೂ ಆ ಕಾಣದ ಕೈ ಓಡಿ ಬಂದು ಹಿಡಿಯುತ್ತದೆ. ತೀರಾ ಆಚೆ ತಳ್ಳಿದರೆ ಮಾತ್ರ ಬೀಳುತ್ತದೆ. ಬಿದ್ದಾಗ ಒಂದು ಸಾಲು ಬರುತ್ತದೆ. ಚೆಂಡು ಬಿದ್ದಾಗ ಹೇಳಲು ಜಗ್ಲರ್‌ಗಳ ಹತ್ತಿರ ಸಿದ್ಧ ಮಾತುಗಳು ಇರುತ್ತವೆ, ಅವಳ ಹತ್ತಿರ ಒಂದು ನೋಟ್‌ಬುಕ್ ತುಂಬಾ ಇದೆ. ‘ನೆಲ ಅಲ್ಲೇ ಇದೆಯಾ ಅಂತ ನೋಡಿದೆ, ಇದೆ.’ ‘ಹಿಂದಿನ ಸಾಲಿನವರಿಗೆ ಕಾಣಲಿಲ್ಲ ಅಲ್ವಾ?’ ‘ನಿಮ್ಮ ಎಸೆತ ಸರಿ ಇತ್ತು, ನಾನೇ ಬೇರೆ ಏನೋ ಯೋಚನೆಯಲ್ಲಿದ್ದೆ.’ ಒಂದು ಸಾಲೂ ಬಂದವರನ್ನು ಆಡಿಕೊಳ್ಳುವುದಿಲ್ಲ. ನಾನು ಸೇರಿಸಿದ್ದ ಎರಡು ಮೂರು ಚುಚ್ಚುಮಾತುಗಳನ್ನು ಅವಳು ಓದಿದ ಕೂಡಲೇ ಹೊಡೆದು ಹಾಕಿದಳು.

404 ಯಾಕೆ ಬೀಳುತ್ತದೆ

ಇಡೀ ಕೆಲಸದಲ್ಲಿ ನಾವಿಬ್ಬರೂ ಹುಚ್ಚರ ಹಾಗೆ ನಕ್ಕಿದ್ದು ಇಲ್ಲಿ. ಜಗ್ಲರ್‌ಗಳು ತಮ್ಮ ಎಸೆತಗಳನ್ನು ಅಂಕಿಗಳಲ್ಲಿ ಬರೆದುಕೊಳ್ಳುತ್ತಾರೆ. ಸೈಟ್‌ಸ್ವಾಪ್ ಅಂತ ಹೆಸರು. 1980ರ ದಶಕದ ಮೊದಲ ಅರ್ಧದಲ್ಲಿ ಬೇರೆ ಬೇರೆ ಕಡೆಯ ಜನ, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಇದನ್ನು ಕಂಡುಕೊಂಡರು. ಎಡ, ಬಲ ಅಂತ ಕೈಗಳು ಸರದಿಯಲ್ಲಿ ಎಸೆಯುತ್ತಾ ಹೋಗುತ್ತವೆ, ಒಂದೊಂದು ಸರದಿಯೂ ಒಂದು ಎಣಿಕೆ. ಒಂದು ಚೆಂಡನ್ನು ಎಸೆದ ಮೇಲೆ ಎಷ್ಟನೇ ಎಣಿಕೆಗೆ ಅದನ್ನು ಮತ್ತೆ ಎಸೆಯಬೇಕು ಅನ್ನುವುದೇ ಅಂಕಿ. ಬರೆದ ಅಂಕಿಗಳು ಮುಗಿದರೆ ಮತ್ತೆ ಮೊದಲಿನಿಂದ. 0 ಅಂದರೆ ಆ ಎಣಿಕೆಗೆ ಕೈ ಖಾಲಿ. ಅಂಕಿಗಳ ಸರಾಸರಿ ತೆಗೆದರೆ ಎಷ್ಟು ಚೆಂಡು ಅಂತ ಸಿಗುತ್ತದೆ. 441 ಅಂದರೆ ಕೂಡಿದರೆ 9, ಭಾಗಿಸಿದರೆ 3, ಹಾಗಾಗಿ 3 ಚೆಂಡಿನ ಆಟ. ಸರಾಸರಿ ಪೂರ್ಣ ಸಂಖ್ಯೆ ಬಂದರಷ್ಟೇ ಸಾಲದು. 432ರ ಸರಾಸರಿಯೂ 3, ಆದರೆ ಮೂರೂ ಚೆಂಡು ಒಂದೇ ಎಣಿಕೆಗೆ ಬಂದು ಡಿಕ್ಕಿ ಹೊಡೆಯುತ್ತವೆ.

ಇದನ್ನು ಅವಳು ವಿವರಿಸುತ್ತಿದ್ದಾಗ ನನ್ನ ಪರದೆಯಲ್ಲಿ ಇಲ್ಲದ ವಿಳಾಸಕ್ಕೆ ಹೋದಾಗ ಬರುವ, ‘ಪುಟ ಸಿಗಲಿಲ್ಲ’ ಅನ್ನುವ 404 ನಂಬರಿನ ದೋಷದ ಪುಟದ ಕರಡು ತೆರೆದಿತ್ತು. ಅವಳು ಅದನ್ನೇ ದಿಟ್ಟಿಸಿ ನೋಡಿದಳು. ‘ಇದು ಆಗಲ್ಲ’ ಅಂದಳು. ಏನು ಆಗಲ್ಲ? ‘ಇದನ್ನ ಜಗಲ್ ಮಾಡೋಕಾಗಲ್ಲ. 4, 0, 4. ಕೂಡಿದರೆ 8. ಮೂರರಿಂದ ಭಾಗವೇ ಹೋಗಲ್ಲ.’ ಕೂತು ಒಂದೊಂದೇ ಎಣಿಕೆ ಬರೆದು ನೋಡಿದೆವು. ಖಾಲಿ ಇರಬೇಕಾದ ಕೈಗೆ ಚೆಂಡು ಬಂದು ಬೀಳುತ್ತದೆ, ಎಸೆಯಬೇಕಾದ ಕೈಗೆ ಚೆಂಡು ಬರುವುದೇ ಇಲ್ಲ. ಹುಡುಕಿಕೊಂಡು ಬಂದದ್ದು ಸಿಗದ ಪುಟಕ್ಕೆ ಇದಕ್ಕಿಂತ ಸರಿಯಾದ ಚಿತ್ರ ಯಾರಾದರೂ ಬರೆಯಲು ಸಾಧ್ಯವಾ? ನಮ್ಮ 404 ಪುಟದಲ್ಲಿ ಅವಳ ಗೀಟು ಚಿತ್ರ 4, 0, 4 ಎಸೆಯಲು ನೋಡುತ್ತದೆ, ಸೋಲುತ್ತದೆ, ಮತ್ತೆ ನೋಡುತ್ತದೆ. ಕೆಳಗೆ ‘ಈ ಲೆಕ್ಕ ಯಾರ ಕೈಯಲ್ಲೂ ಆಗುವುದಿಲ್ಲ’ ಅಂತ ಒಂದು ಸಾಲು, ಪಕ್ಕದಲ್ಲೇ ಮೊದಲ ಪುಟಕ್ಕೆ ಹೋಗುವ ದಾರಿ. ‘ಅಯ್ಯೋ, ನೀವು ದಾರಿ ತಪ್ಪಿದ್ದೀರಿ’ ಅಂತ ಬಂದವರ ಮೇಲೇ ಹಾಕುವ ಪುಟಗಳಿಗಿಂತ ಇದು ಎಷ್ಟೋ ವಾಸಿ.

ಅಷ್ಟಕ್ಕೆ ಬಿಡುವವಳಾ ಅವಳು. ಉಳಿದ ದೋಷದ ನಂಬರ್‌ಗಳ ಪಟ್ಟಿ ತೆಗೆಸಿದಳು. 403 ಆಗಲ್ಲ. 500, 503 ಎರಡೂ ಆಗಲ್ಲ. 414, ಅಂದರೆ ವಿಳಾಸ ವಿಪರೀತ ಉದ್ದ ಆದಾಗ ಬರುವುದು, ಆಗುತ್ತದೆ. ಅದು 441 ಅನ್ನೇ ನಡುವಿನಿಂದ ಶುರು ಮಾಡಿದ್ದು. 423 ಆಗುತ್ತದೆ. 504 ಕೂಡ ಆಗುತ್ತದೆ, 3 ಚೆಂಡಿನಲ್ಲಿ. ಒಂದು ಸರ್ವರ್ ಇನ್ನೊಂದರ ಉತ್ತರಕ್ಕೆ ಕಾದು ಕಾದು ಸಾಕಾಗಿ ಕೈಚೆಲ್ಲಿದಾಗ ಬರುವ ನಂಬರ್ ಅದು. ಒಂದು ಎತ್ತರದ ಎಸೆತ, ಒಂದು ಖಾಲಿ ಕೈ, ಆಮೇಲೆ ಸ್ವಲ್ಪ ತಗ್ಗಿನ ಎಸೆತ. ಅವಳು ಅಲ್ಲೇ ಎದ್ದು ಮಾಡಿ ತೋರಿಸಿದಳು, ಆ ಖಾಲಿ ಎಣಿಕೆಯಲ್ಲಿ ಕೈಗಡಿಯಾರ ನೋಡಿಕೊಳ್ಳುವ ಹಾಗೆ ಮಾಡುತ್ತಾ.

ಅಲುಗಾಡದ ಪುಟ

ಚಲನೆ ಎಲ್ಲರಿಗೂ ಹಿತವಲ್ಲ. ಪರದೆಯಲ್ಲಿ ಏನಾದರೂ ತೂಗಿದರೆ ತಲೆಸುತ್ತು, ವಾಕರಿಕೆ ಬರುವವರು ಇದ್ದಾರೆ. ಫೋನ್‌ನಲ್ಲೋ ಕಂಪ್ಯೂಟರ್‌ನಲ್ಲೋ ‘ಚಲನೆ ಕಡಿಮೆ ಮಾಡಿ’ ಅನ್ನುವ ಆಯ್ಕೆ ಹಾಕಿಕೊಂಡಿದ್ದರೆ ಅದನ್ನು ಪುಟ ತಿಳಿದುಕೊಳ್ಳಬಹುದು. ತಾನಾಗಿ ಶುರುವಾಗಿ 5 ಸೆಕೆಂಡಿಗಿಂತ ಜಾಸ್ತಿ ಅಲುಗುವ ಯಾವುದನ್ನೂ ನಿಲ್ಲಿಸುವ ದಾರಿ ಇರಬೇಕು ಅನ್ನುವುದು ವೆಬ್ ಎಲ್ಲರಿಗೂ ಬಳಸಲು ಬರಬೇಕು ಅಂತ ಮಾಡಿರುವ ಸುಗಮತೆಯ ನಿಯಮಗಳಲ್ಲೇ ಇದೆ. ಹಾಗಾಗಿ ಮೂಲೆಯಲ್ಲಿ ಒಂದು ‘ನಿಲ್ಲಿಸಿ’ ಬಟನ್ ಇದೆ. ಆದರೆ ನಿಂತ ಪುಟ ಸತ್ತ ಪುಟ ಆಗಬಾರದಲ್ಲ. ಈಜಿಪ್ಟ್‌ನ ಬೆನಿ ಹಸನ್ ಅನ್ನುವ ಜಾಗದ ಒಂದು ಗೋರಿಯ ಗೋಡೆಯಲ್ಲಿ ಚೆಂಡು ಎಸೆಯುತ್ತಿರುವ ಹೆಂಗಸರ ಚಿತ್ರ ಇದೆ, ಸುಮಾರು 4000 ವರ್ಷ ಹಳೆಯದು. ಏನೂ ಅಲುಗುವುದಿಲ್ಲ, ಆದರೂ ಚೆಂಡುಗಳು ಬೀಳುವ ಮುಂಚಿನ ಕ್ಷಣ ಅಂತ ನೋಡಿದವರಿಗೆಲ್ಲ ಗೊತ್ತಾಗುತ್ತದೆ. ಅದನ್ನು ನೋಡಿಕೊಂಡೇ ನಮ್ಮ ನಿಂತ ಪುಟ ಬರೆದೆವು. ಒಂದು ಚೆಂಡು ತುದಿಯಲ್ಲಿ, ಒಂದು ಇಳಿಯುತ್ತಾ, ಒಂದು ಈಗಷ್ಟೇ ಕೈಬಿಟ್ಟು. ನನಗೆ ಕೆಲವು ಸಲ ಓಡುವ ಪುಟಕ್ಕಿಂತ ಇದೇ ಚೆನ್ನಾಗಿ ಕಾಣುತ್ತದೆ.

ಫೋಟೋಗಳ ವಿವರ ಅವಳೇ ಬರೆದಳು, ಕಣ್ಣು ಕಾಣದವರಿಗೆ ಸ್ಕ್ರೀನ್ ರೀಡರ್ ಓದಿ ಹೇಳುವ ಸಾಲುಗಳು. ‘ವೇದಿಕೆಯ ಮೇಲೆ ಜಗ್ಲರ್’ ಅಂತ ನಾನು ಹಾಕಿದ್ದ ಕಡೆ ಈಗ ‘ಐದು ಚೆಂಡು ಗಾಳಿಯಲ್ಲಿ, ಬಾಯಿ ತೆರೆದಿದೆ, ಆರನೆಯದು ಎಲ್ಲಿ ಹೋಯಿತು ಅಂತ ಹುಡುಕುತ್ತಿದ್ದೇನೆ’ ಅಂತಿದೆ. ಮುಂದಿನ ಶೋಗಳ ಪಟ್ಟಿ ಖಾಲಿ ಇದ್ದಾಗ ‘ಸದ್ಯಕ್ಕೆ ಮನೆಯಲ್ಲಿ ಬೀಳಿಸುತ್ತಿದ್ದೇನೆ’ ಅಂತ ಬರುತ್ತದೆ. ಕಲಾವಿದರ ಸೈಟ್‌ಗಳಲ್ಲಿ ಎರಡು ವರ್ಷ ಹಳೆಯ ‘ಮುಂದಿನ ಶೋ’ ನೋಡುವುದಕ್ಕಿಂತ ಬೇಸರದ್ದು ಇನ್ನೊಂದಿಲ್ಲ. ಅದಕ್ಕೇ ತಾರೀಕು ದಾಟಿದ ಶೋ ಪಟ್ಟಿಯಿಂದ ತಾನೇ ಇಳಿದುಹೋಗುವ ಹಾಗೆ ಮಾಡಿದೆ.

ಯಾವ ಸಲಕರಣೆಯಲ್ಲಿ ಕಟ್ಟಬೇಕು ಅನ್ನುವುದಕ್ಕೆ ನಾನು ಜಾಸ್ತಿ ಯೋಚಿಸಲಿಲ್ಲ. ಒಂದು ಕಾಲದಲ್ಲಿ ಕಲಾವಿದರ ತುಂಟ ಸೈಟ್‌ಗಳೆಲ್ಲ ಫ್ಲ್ಯಾಶ್ ಅನ್ನುವ, ಅಡೋಬಿ ಕಂಪನಿಯ ಅನಿಮೇಷನ್ ತಂತ್ರಾಂಶದಲ್ಲೇ ಇದ್ದವು, ಎಷ್ಟೋ ನಿಜಕ್ಕೂ ಚೆನ್ನಾಗಿದ್ದವು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಅದರ ಬೆಂಬಲ ನಿಲ್ಲಿಸಿತು, ಅವು ತೆರೆಯುವುದೇ ನಿಂತಿತು. ಜಿಯೋಸಿಟೀಸ್ ಅನ್ನುವ ತಾಣದಲ್ಲಿ ಜನ ಕೈಯಾರೆ ಕಟ್ಟಿದ್ದ ಪುಟಗಳು 2009ರಲ್ಲಿ ಅದು ಮುಚ್ಚಿದಾಗ ಹೋದವು, ಕೆಲವರು ಓಡಾಡಿ ಉಳಿಸಿಕೊಂಡಷ್ಟು ಮಾತ್ರ ಉಳಿದವು. ಹಾಗಾಗಿ ಪುಟದ ಹಂದರಕ್ಕೆ ಸಾದಾ ಎಚ್‌ಟಿಎಂಎಲ್, ಅಂದಕ್ಕೆ ಸಿಎಸ್‌ಎಸ್, ಚೆಂಡಿನ ಲೆಕ್ಕಕ್ಕೆ ಒಂದಿಷ್ಟು ಜಾವಾಸ್ಕ್ರಿಪ್ಟ್, ಅಷ್ಟೇ ಇರುವುದು. ಜಾವಾಸ್ಕ್ರಿಪ್ಟ್ ಕೆಟ್ಟರೂ ಫೋನ್ ನಂಬರ್ ಕಾಣುತ್ತದೆ, ಮುಟ್ಟಿದರೆ ಕರೆ ಹೋಗುತ್ತದೆ. ಬಿದ್ದಾಗಿನ ಮಾತುಗಳು ಒಂದು ಸಾದಾ ಫೈಲ್‌ನಲ್ಲಿ, ಸಾಲಿಗೆ ಒಂದರಂತೆ ಇವೆ. ಅವಳೇ ತೆರೆದು ತಿದ್ದುತ್ತಾಳೆ, ಪ್ರತಿ ಶೋ ಆದ ಮೇಲೆ ಒಂದಾದರೂ ಸೇರುತ್ತದೆ.

ಈಗ ನಮ್ಮಿಬ್ಬರ ಜಗಳ ಇರುವುದು 504ರ ಬಗ್ಗೆ. ಅದರ ಪುಟವನ್ನೂ ಮಾಡಿಟ್ಟಿದ್ದೇನೆ, ಖಾಲಿ ಎಣಿಕೆಯಲ್ಲಿ ಗೀಟು ಚಿತ್ರ ಕೈಗಡಿಯಾರ ನೋಡಿಕೊಳ್ಳುತ್ತದೆ, ಇಡೀ ಸೈಟಿನಲ್ಲಿ ಅದೇ ಚೆಂದದ ಎಸೆತ. ತೊಂದರೆ ಏನೆಂದರೆ ಇಷ್ಟು ಸಾದಾ ಸೈಟಿಗೆ 504 ಬರುವುದು ತೀರಾ ಅಪರೂಪ. ‘ಯಾರೂ ನೋಡದ ಟ್ರಿಕ್ ಇಟ್ಟುಕೊಂಡು ಏನು ಮಾಡಲಿ, ಮೆನುವಿನಲ್ಲೇ ಹಾಕು’ ಅನ್ನುತ್ತಾಳೆ ಅವಳು. ದೋಷದ ಪುಟಕ್ಕೆ ಮೆನುವಿನಿಂದ ಲಿಂಕ್ ಕೊಡುವುದಿಲ್ಲ ಅಂತ ನಾನು. ಮೊನ್ನೆ ಮಧ್ಯಸ್ಥಿಕೆಗೆ ಇನ್ನೊಬ್ಬ ಗೆಳೆಯನನ್ನು ಕರೆದೆವು. ಅವನು ಚಾವಣಿಯ ಗೆರೆ ಎಳೆದು ಅವಳನ್ನು ಮಲಗಿಸಿ ಎಬ್ಬಿಸಿ ಆಡುತ್ತಾ ಕೂತುಬಿಟ್ಟ, ನಾವು ಕೇಳಿದ್ದಕ್ಕೆ ಉತ್ತರ ಕೊಡಲೇ ಇಲ್ಲ.